ಬಾವಿ ನೀರಿಗೆ ಹಿಡಿದ ಬೆಳಕು

ಕಳೆದ ತಿಂಗಳು ಮನೆಯ ಕಿಟಕಿಗಳಿಗೆ ಬಣ್ಣ ಹೊಡೆಸಿದೆ. ಎಂಟಕ್ಕೆ ಬರುತ್ತೇನೆಂದಿದ್ದ ಪೇಂಟರ್ ಎಂಟೂ ಇಪ್ಪತ್ತಕ್ಕೆ ಬಂದ. ಅದನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ ಥಿನ್ನರ್ ಡಬ್ಬಿಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟು, ಬ್ರಷ್ ಹುಡುಕಲು ಹೊರಗೆ ಹೋದ. ಸಿಹಿಯಾದ, ನೇರ ಹಣೆಗೆ ಏರುವ ಆ ವಾಸನೆ ನಡುಮನೆಯನ್ನೆಲ್ಲ ತುಂಬಿತು. ಎದ್ದು ಹೋಗಿ ಮುಚ್ಚಳ ಬಿಗಿದೆ. ಒಳಗೆ ಬಂದವನು "ಏನಮ್ಮಾ, ತಲೆನೋವಾ?" ಎಂದು ಕೇಳಿದ. ಹೌದೆಂದೆ. ಕಂಬೈನಲ್ಲೂರಿನ ಆಚೆಯ ಒಂದು ಬಾವಿ ಕಟ್ಟೆ ನೆನಪಾಯಿತೆಂದು ಅವನಿಗೆ ಹೇಳಿ ಏನು ಪ್ರಯೋಜನ?

ತೊಂಬತ್ತರ ದಶಕದಲ್ಲಿ ನಾನು ಸೇಲಂನ ಒಂದು ಕಾಲೇಜಿನ ಸೂಕ್ಷ್ಮಜೀವಿ ವಿಭಾಗದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ನಮ್ಮವರು ಮೆಟ್ಟೂರಿನ ಕಡೆಯ ಬೇಸಾಯಗಾರರು, ಮನೆಮಾತು ಕನ್ನಡ. ಓದಿದ್ದೆಲ್ಲ ತಮಿಳಿನಲ್ಲಿ, ಕ್ರೈಸ್ತ ಸನ್ಯಾಸಿನಿಯರ ಹಾಸ್ಟೆಲಿನಲ್ಲಿದ್ದುಕೊಂಡು. ಅಲ್ಲಿ ಐದಕ್ಕೆ ಗಂಟೆ, ಐದೂ ಹತ್ತಕ್ಕೆ ಸ್ನಾನ. ಹಾಸಿಗೆಯ ಮಡಿಕೆ ಒಂದು ಬೆರಳು ಓರೆಯಾದರೂ ಬಿಚ್ಚಿ ಮತ್ತೆ ಮಡಿಸಬೇಕು. ಕನ್ನಡ ಅಕ್ಷರ ಕಲಿಸಿದ್ದು ಅಪ್ಪ, ರಜೆಗಳಲ್ಲಿ, ದಿನಕ್ಕೊಂದು ಪುಟ ಕಾಪಿ ಬರೆಸಿ. ಹೀಗೆ ಬೆಳೆದವಳಿಗೆ ಲ್ಯಾಬಿನ ಕೆಲಸ ತವರುಮನೆಯಂತಿತ್ತು.

ಆಗ ನಮ್ಮಲ್ಲಿ ನಡೆಯುತ್ತಿದ್ದುದು ಬೆಳಗುವ ಬ್ಯಾಕ್ಟೀರಿಯಾದ ಕೆಲಸ. ಕಡಲ ಮೀನಿನ ಮೈಮೇಲೆ ಬದುಕುವ ಒಂದು ಜಾತಿಯ ಸೂಕ್ಷ್ಮಜೀವಿ ತಾನಾಗಿ ಬೆಳಕು ಬಿಡುತ್ತದೆ. ಕೋಟಿಗಟ್ಟಲೆ ಸೇರಿದರೆ ಕತ್ತಲಲ್ಲಿ ನೀಲಿ ಹಸಿರಾಗಿ ಕಣ್ಣಿಗೆ ಕಾಣುತ್ತದೆ. ಅದಕ್ಕೆ ವಿಷ ತಗುಲಿದರೆ ಬೆಳಕು ಕುಗ್ಗುತ್ತದೆ. ಎಷ್ಟು ವಿಷವೋ ಅಷ್ಟು ಕುಗ್ಗು. ಹೊಲಕ್ಕೆ ಹೊಡೆಯುವ ಕೀಟನಾಶಕಗಳನ್ನೂ ಕಾರ್ಖಾನೆಗಳಲ್ಲಿ ಬಳಸುವ ಥಿನ್ನರಿನಂಥ ದ್ರಾವಕಗಳನ್ನೂ ಬೇರೆ ಬೇರೆ ಅಳತೆಯಲ್ಲಿ ಬೆರೆಸಿ, ಐದನೆಯ ನಿಮಿಷಕ್ಕೊಮ್ಮೆ, ಹದಿನೈದನೆಯ ನಿಮಿಷಕ್ಕೊಮ್ಮೆ ಮೀಟರಿನಲ್ಲಿ ಬೆಳಕನ್ನು ಅಳೆದು ಬರೆಯುವುದು ನನ್ನ ಪಾಲಿನ ಕೆಲಸ. ಕಡಲಿನ ಜೀವವಾದ್ದರಿಂದ ಉಪ್ಪು ಬೇಕು, ತಂಪು ಬೇಕು. ಸೇಲಂ ಬೇಸಿಗೆಯಲ್ಲಿ ಪ್ರಿನ್ಸಿಪಾಲರಿಗೂ ಇಲ್ಲದ ಎ.ಸಿ. ಕೋಣೆ ನಮ್ಮ ಬ್ಯಾಕ್ಟೀರಿಯಾಕ್ಕಿತ್ತು. ಆ ಕೋಣೆಯ ಬಾಗಿಲಿಗೆ ಒಂಬತ್ತು ನಿಯಮ ಬರೆದು ಅಂಟಿಸಿದ್ದವಳು ನಾನೇ. ಏಳನೆಯ ನಿಯಮ: ಕಲ್ಚರ್ (ಬೆಳೆಸಿದ ಬ್ಯಾಕ್ಟೀರಿಯಾ) ಯಾವ ಕಾರಣಕ್ಕೂ ಕೋಣೆ ಬಿಟ್ಟು ಹೊರಗೆ ಹೋಗಕೂಡದು.

ಆ ವರ್ಷ ಬೇಸಿಗೆ ನಡುವೆ ಧರ್ಮಪುರಿಯ ಕಡೆ ಒಂದು ದೊಡ್ಡ ಮಳೆ ಬಿತ್ತು. ಅದಾದ ವಾರದೊಳಗೆ ಕಂಬೈನಲ್ಲೂರಿನಿಂದ ಐದು ಮೈಲಿ ದೂರದ ಒಂದು ಹಟ್ಟಿಯಲ್ಲಿ ಹದಿನಾರು ಕುರಿ ಸತ್ತವು. ಅವು ಸಿದ್ದಮ್ಮ ಎಂಬ ವಿಧವೆಯ ಕುರಿಗಳು. ಊರ ಬಾವಿಯ ತೊಟ್ಟಿಯಲ್ಲಿ ನೀರು ಕುಡಿದೇ ಸತ್ತವು, ಬಾವಿ ನಾರುತ್ತದೆ ಎಂದು ಸಿದ್ದಮ್ಮ ಹೇಳಿದಳು. ನಾರುವುದು ನೀರೆತ್ತುವ ಎಂಜಿನ್ನಿನ ಡೀಸೆಲ್, ಕುರಿ ಸತ್ತದ್ದು ಎಳೆ ಜೋಳ ಮೇಯ್ದು ಎಂದು ಊರವರು ತಲೈವರು ಎಂದು ಕರೆಯುವ ಪಂಚಾಯ್ತಿ ಅಧ್ಯಕ್ಷ ಮುನಿಸಾಮಿ ಹೇಳಿದ. ಎಳೆ ಜೋಳ ಮೇಯ್ದರೆ ಕುರಿ ಸಾಯುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ರೆವಿನ್ಯೂ ಇನ್ಸ್‌ಪೆಕ್ಟರ್ ಬಂದು ನೋಡಿ, ಜಗಳ ಬೇಡವೆಂದು ಬಾವಿಗೆ ಮುಳ್ಳು ಮುಚ್ಚಿಸಿದರು. ದೊಡ್ಡ ಲ್ಯಾಬಿನಿಂದ ಉತ್ತರ ಬರಲು ತಿಂಗಳಾಗುತ್ತದೆ, ನಮ್ಮಲ್ಲಾದರೆ ಅರ್ಧ ಗಂಟೆ ಎಂದು ಯಾರೋ ಅವರಿಗೆ ಹೇಳಿದ್ದರು. ಸಿದ್ದಮ್ಮನ ಕೈಯಲ್ಲೇ ನೀರು ತರಿಸಿಕೊಂಡು, ಚೀಟಿ ಅಂಟಿಸಿ, ಮೊಹರು ಹಾಕಿ ಜವಾನನ ಮೂಲಕ ಕಳಿಸಿದರು. ನೀರು ಬಂದದ್ದು ಮುಚ್ಚಳ, ಹಿಡಿಕೆ ಇರುವ ಒಂದು ಹಿತ್ತಾಳೆ ತೂಕು ಪಾತ್ರೆಯಲ್ಲಿ.

ನಾನು ನಂಬರ್ ಹಾಕಿದೆ. ಬಂದ ವೇಳೆ ಬರೆದೆ. ಮೂರು ಸಲ ಪರೀಕ್ಷಿಸಿದೆ. ಮೂರು ಸಲವೂ ಬೆಳಕು ಒಂದು ಕೂದಲೆಳೆಯಷ್ಟೂ ಕುಗ್ಗಲಿಲ್ಲ. 'ವಿಷದ ಲಕ್ಷಣ ಕಂಡುಬಂದಿಲ್ಲ' ಎಂದು ಟೈಪ್ ಮಾಡಿ ಕೆಳಗೆ ಸಹಿ ಮಾಡಿದೆ. ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಅರುಣಾಚಲಂ ಮೇಲೆ ಸಹಿ ಮಾಡಿದರು. ಕಾಗದ ಹೋಯಿತು. ನಾನು ಮರುದಿನದ ಕೆಲಸಕ್ಕೆ ತಿರುಗಿದೆ.

ಮುಂದಿನ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಒಬ್ಬ ಹೆಂಗಸು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ನಲವತ್ತೈದು ಐವತ್ತರ ವಯಸ್ಸು, ಒಣಗಿದ ಕಡ್ಡಿಯಂಥ ಮೈ, ಹೆಗಲ ಮೇಲೆ ಮಡಿಸಿದ ಟವೆಲು. ತಮಿಳಿನಲ್ಲಿ ಶುರು ಮಾಡಿದಳು. ನಾನು ಕನ್ನಡದಲ್ಲಿ ಮಾತಾಡಿದ ಕೂಡಲೇ ಮುಖ ಸಡಿಲವಾಯಿತು.

"ನಮ್ಮೋರಾ ನೀವು! ನಾನು ಸಿದ್ದಮ್ಮ. ತೂಕು ಈಸ್ಕೊಂಡು ಓಗಾಕೆ ಬಂದೆ ಟೀಚರಮ್ಮ. ನಮ್ಮವ್ವನ್ದು ಅದು."

ತೊಳೆದು ಒರೆಸಿ ಮೇಲಿನ ಬೀರುವಿನಲ್ಲಿಟ್ಟಿದ್ದೆ. ತೆಗೆದುಕೊಟ್ಟೆ. ಅವಳು ಅದರ ಒಳಗೆ ಇಣುಕಿ ನೋಡಿ, ಮತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಆ ನೀರು ನೀವೇ ಕುಡುದ್ರಾ?"

"ಕುಡಿಯೋದಾ? ನಾನ್ಯಾಕೆ ಕುಡೀಲಿ?"

"ಕುಡೀದೆ ಎಂಗೆ ಗೊತ್ತಾಯ್ತದೆ? ನಮ್ಮಲ್ಲಿ ಒಸಾ ಬಾವಿ ತೋಡುದ್ರೆ ಇರೀರು ಒಂದು ಬೊಗಸೆ ಬಾಯ್ಗಾಕ್ಕೊಂಡು ಏಳ್ತಾರೆ, ಉಪ್ಪೋ ಸೀಯೋ ಅಂತ. ಆ ಆರ್.ಐ. ಸಾರೂ ಅಂಗೇ ಬಾಯ್ಗಾಕ್ಕೊಂಡು ಉಗುದ್ರು. ಕಾಲೇಜ್ನಲ್ಲೂ ಯಾರೋ ಒಬ್ರು ಕುಡುದು ನೋಡಿ ಏಳೋರು ಇರ್ತಾರೆ ಅಂದ್ಕೊಂಡೆ."

ನನಗೆ ನಗು ಬಂತು. ಬ್ಯಾಕ್ಟೀರಿಯಾದ ವಿಷಯ ಎರಡು ಮಾತಿನಲ್ಲಿ ಹೇಳಲು ಹೊರಟೆ. ಅವಳು ಕೇಳಿಸಿಕೊಳ್ಳದೆ ಮುಂದುವರಿಸಿದಳು:

"ಅದ್ಕೇ ನಾನು ಸುಮ್ನೆ ಮೊಕ್ಕೊಂಡು ಬಂದ್ಬಿಡ್ಲಿಲ್ಲ. ಮೂರ್ ಸಾರಿ ಬಟ್ಟೇಲಿ ಸೋಸ್ದೆ. ಆಮೇಲೆ ಒಲೆ ಮ್ಯಾಲಿಟ್ಟು ಕೊತಕೊತಾಂತ ಕಾಯ್ಸ್ದೆ. ರಾತ್ರೆಲ್ಲಾ ಬಾಯ್ ತೆಗ್ದು ಆರಾಕ್ದೆ. ನನ್ ಕುರಿ ಸತ್ತಂಗೆ ಯಾರ್ ಮನೆ ಎಣ್ಮಗ್ಳೋ ಸಾಯ್ಬಾರ್ದಲ್ಲ?"

ನಾನು ಸ್ಟೂಲಿನ ಮೇಲೆ ಕೂತೆ. ಥಿನ್ನರಿನಂಥ ದ್ರಾವಕ ನೀರಿನಲ್ಲಿದ್ದರೆ, ಕುದಿಸಿದ ಮೊದಲ ಹತ್ತು ನಿಮಿಷದಲ್ಲೇ ಆವಿಯಾಗಿ ಹೋಗುತ್ತದೆ. ಕುದಿಸದೆ, ಬಾಯಿ ತೆರೆದು ಇಟ್ಟರೂ ಹೋಗುತ್ತದೆ. ನಾನು ಪರೀಕ್ಷಿಸಿದ್ದು ಬಾವಿಯ ನೀರೇ ಅಲ್ಲ. ನಮ್ಮ ರಿಜಿಸ್ಟರಿನಲ್ಲಿ ನೀರು ಬಂದ ವೇಳೆಗೆ ಒಂದು ಕಾಲಂ ಇತ್ತು, ಮೊಹರು ಸರಿಯಿದೆಯೇ ಎನ್ನಲು ಒಂದು ಕಾಲಂ ಇತ್ತು. ತಂದವರು ಅದಕ್ಕೆ ಏನು ಮಾಡಿದರು ಎಂದು ಕೇಳುವ ಕಾಲಂ ಇರಲಿಲ್ಲ. ಆ ರಿಜಿಸ್ಟರಿಗೆ ಗೆರೆ ಹಾಕಿದವಳೂ ನಾನೇ.

"ಸಿದ್ದಮ್ಮ, ಆ ಬಾವಿ ನೀರು ಯಾರೂ ಕುಡೀಬಾರದು. ನಾನು ಕೊಟ್ಟ ಕಾಗದ ತಪ್ಪು."

"ಅಯ್ಯೋ, ನಾಳೆ ಬಾವಿ ತೆಗೀತಾರಲ್ಲ!" ಎಂದಳು. "ನಿಮ್ ಕಾಗ್ದ ಬಂತಲ್ಲಾಂತ ಅತ್ತು ಗಂಟೇಗೆ ಮುಳ್ಳು ತೆಗೀತಾರೆ. ಬಾವಿ ಮ್ಯಾಲೆ ದೂರು ಏಳ್ದೋಳು ನಾನಲ್ವಾ? ನಾನೇ ಮೊದುಲ್ನೇ ಚೆಂಬು ಕುಡೀಬೇಕು. ಕುಡುದ್ರೆ ಬಾವಿ ಮ್ಯಾಲಿನ ಮಾತು ಕಳೀತದೆ ಅಂತ ಊರ್ನೋರು ತೀರ್ಮಾನ ಮಾಡವ್ರೆ."

"ಕುಡಿಯಲ್ಲ ಅನ್ನು."

"ಅಂದ್ರೆ ಸುಳ್ಳಿ ಅಂತಾರೆ. ಅಟ್ಟೀಲಿ ಇರಾಕಾಯ್ತದಾ? ನೀವು ಬಂದು ಏಳುದ್ರೆ ಕೇಳ್ಬೋದು. ಬರ್ತೀರಾ?"

ಅವಳ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಬರುತ್ತೇನೆಂದು ಹೇಳಿ ಕಳಿಸಿದೆ.

ತಾಲ್ಲೂಕು ಕಚೇರಿಗೆ ಫೋನ್ ಮಾಡಿದೆ. ಆರ್.ಐ. ಸಾಹೇಬರು ಯಾರೋ ದೊಡ್ಡವರ ಭೇಟಿಯ ಏರ್ಪಾಟಿಗೆ ಹೊಗೆನಕಲ್ಲಿಗೆ ಹೋಗಿದ್ದಾರೆ, ಬರುವುದು ಸೋಮವಾರ ಎಂದರು. ಪ್ರೊಫೆಸರ್ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ರಿಪೋರ್ಟ್ ಹೋಗಿಯಾಯಿತಲ್ಲ ಜಯಾ. ನಮಗೆ ಬಂದ ನೀರು ಚೆನ್ನಾಗಿತ್ತು, ಚೆನ್ನಾಗಿದೆ ಅಂದೆವು. ಅದರಲ್ಲಿ ನಮ್ಮ ತಪ್ಪೇನು? ಸೋಮವಾರ ಇನ್ನೊಂದು ತರಿಸೋಣ."

"ನಾಳೆ ಅವಳು ಕುಡಿಯುತ್ತಾಳೆ ಸರ್."

"ಒಂದು ಚೊಂಬಿಗೆ ಏನಾಗುತ್ತದೆ?"

"ಅವಳು ಕುಡಿಯುವುದು ಒಂದು ಚೊಂಬು. ಅದನ್ನು ನೋಡಿ ನಲವತ್ತು ಮನೆಯವರು ಸೇದುತ್ತಾರೆ."

ಅವರು ಕನ್ನಡಕ ಹಾಕಿಕೊಂಡರು. ಆಮೇಲೆ, "ನೀನು ಹೋಗಿ ಬಾಯಲ್ಲಿ ಹೇಳಿದರೆ ನಂಬುತ್ತಾರಾ? ಅವರ ಕೈಯಲ್ಲಿ ನಿನ್ನದೇ ಸಹಿಯ ಕಾಗದ ಇದೆ," ಎಂದರು. ಆ ಪ್ರಶ್ನೆ ಸರಿಯಾಗಿತ್ತು. ನೀರು ತಂದು ಇಲ್ಲಿ ಪರೀಕ್ಷಿಸಿ ಮತ್ತೆ ಹೋಗುವಷ್ಟು ಹೊತ್ತಿರಲಿಲ್ಲ. ಮೀಟರ್ ಮೇಜು ಬಿಟ್ಟು ಕದಲುವಂಥದ್ದಲ್ಲ. ಬಾವಿಯ ಬಳಿಗೆ ಒಯ್ಯಲು ಆಗುವುದು ಒಂದೇ, ಬ್ಯಾಕ್ಟೀರಿಯಾ. ಅದನ್ನೇ ಹೇಳಿದೆ. ಪ್ರೊಫೆಸರ್ ನನ್ನ ಬಾಗಿಲಿನ ಏಳನೆಯ ನಿಯಮ ನೆನಪಿಸಿದರು. ನಾನು ಒಂದು ದಿನದ ರಜಾ ಚೀಟಿ ಬರೆದು ಅವರ ಮುಂದಿಟ್ಟೆ. "ಅರ್ಧ ಕಲ್ಚರ್ ಇಲ್ಲೇ ಬಿಟ್ಟು ಹೋಗು. ಉಳಿದರ್ಧ ಎಲ್ಲಿ ಹೋಯಿತು ಅಂತ ನಾನು ಕೇಳುವುದಿಲ್ಲ," ಎಂದು ಸಹಿ ಹಾಕಿದರು.

ನಾಲ್ಕು ಗಂಟೆಗೆ ಹೊಸ ಫ್ಲಾಸ್ಕಿಗೆ ಬ್ಯಾಕ್ಟೀರಿಯಾ ಬಿತ್ತನೆ ಮಾಡಿ, ಅಲುಗಿಸುವ ಯಂತ್ರದ ಮೇಲೆ ಇಟ್ಟೆ. ಬೆಳಗಿನ ಜಾವ ನಾಲ್ಕಕ್ಕೆ ಬಂದು ನೋಡಿದಾಗ ಚೆನ್ನಾಗಿ ಬೆಳಗುತ್ತಿತ್ತು. ಸಣ್ಣ ಬಾಟಲಿಗೆ ಸುರಿದು, ಐಸ್‌ಕ್ರೀಮ್ ಮಾರುವವರು ಬಳಸುವಂಥ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ನಡುವೆ ಬಟ್ಟೆ ಸುತ್ತಿ ಇಟ್ಟೆ. ಥರ್ಮಾಮೀಟರ್, ಎಂಟು ಗಾಜಿನ ನಳಿಕೆ, ಪೊಟ್ಟಣ ಕಟ್ಟಿದ ಉಪ್ಪು, ಅಳತೆಯ ಪಿಪೆಟ್, ಗಡಿಯಾರ. ನಾಲ್ಕು ಐವತ್ತರ ಧರ್ಮಪುರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಪೆಟ್ಟಿಗೆ ಮಡಿಲಲ್ಲಿ.

ತೊಪ್ಪೂರು ಘಾಟಿಯ ಕೆಳಗೆ ಬಸ್ಸು ನಿಂತಿತು. ಮೇಲೆ ತಿರುವಿನಲ್ಲಿ ಶಂಕಗಿರಿ ಕಡೆಯ ಒಂದು ಲಾರಿ ಅಡ್ಡ ಬಿದ್ದಿತ್ತು. ಹಿಂದೆ ಮುಂದೆ ಲಾರಿಯೋ ಲಾರಿ. ಜನ ಇಳಿದು ಬೀಡಿ ಹಚ್ಚಿದರು. ನಾನು ಇಳಿಯಲಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಪೆಟ್ಟಿಗೆ ತೆರೆದು ಥರ್ಮಾಮೀಟರ್ ಓದಿದೆ: ಹದಿನಾರು, ಹದಿನೆಂಟು, ಹತ್ತೊಂಬತ್ತು. ಬಿಸಿಲೇರಿತು. ಇಪ್ಪತ್ತೊಂದು. ಮೂವತ್ತು ದಾಟಿದರೆ ಆ ಬೆಳಕು ಬಾವಿ ನೀರಿಗೆ ಕಾಯದೆ ತಾನೇ ಆರುತ್ತದೆ. ಪಕ್ಕದಲ್ಲಿದ್ದ ಮುದುಕ, "ಏನಮ್ಮಾ ಅದು, ಮೀನಾ?" ಎಂದು ತಮಿಳಿನಲ್ಲಿ ಕೇಳಿದ. ಮೀನಿನ ಕಡೆಯದೇ ಎಂದೆ. "ಹಾಗಾದರೆ ಬೇಗ ಹುರಿದುಬಿಡು," ಎಂದು ಕಣ್ಣು ಮುಚ್ಚಿದ.

ಏಳೂ ಕಾಲಿಗೆ ಲಾರಿಯನ್ನು ಎಳೆದು ಪಕ್ಕಕ್ಕೆ ಹಾಕಿದರು. ಧರ್ಮಪುರಿಯಲ್ಲಿ ಐಸ್ ಸಿಗಲಿಲ್ಲ. ಸೋಡಾ ಅಂಗಡಿಯವನು ಎರಡು ಹಿಡಿ ಕೊಟ್ಟ. ಕಂಬೈನಲ್ಲೂರು ತಲುಪಿದಾಗ ಒಂಬತ್ತೂವರೆ, ಥರ್ಮಾಮೀಟರ್ ಇಪ್ಪತ್ತನಾಲ್ಕು. ಹಾಲಿನ ಸೊಸೈಟಿಯವನ ಮೊಪೆಡ್ಡಿನ ಹಿಂದೆ ಕೂತು, ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು ಐದು ಮೈಲಿ ಹೋದೆ. ಕಲ್ಲಿನ ಮೇಲೆ ಹಾರಿದಾಗಲೆಲ್ಲ ನಳಿಕೆಗಳು ಗಲಗುಟ್ಟುತ್ತಿದ್ದವು.

ಬಾವಿಯ ಸುತ್ತ ಊರೇ ನೆರೆದಿತ್ತು. ಮುಳ್ಳು ಪಕ್ಕಕ್ಕೆ ಬಿದ್ದಿತ್ತು. ಸಿದ್ದಮ್ಮ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ನಿಂತಿದ್ದಳು. ಬಕೆಟ್ ಮೇಲೆ ಬಂದಿತ್ತು. ಅವಳ ಕೈಯಲ್ಲಿ ತುಂಬಿದ ಚೆಂಬು.

"ಸಿದ್ದಮ್ಮ, ಇಳಿಸು!" ಎಂದು ಕೂಗಿದೆ. ಹಾಸ್ಟೆಲಿನ ಸಿಸ್ಟರುಗಳ ದನಿ ನನ್ನ ಗಂಟಲಿನಿಂದ ಬಂತು. ಚೆಂಬು ಬಾಯಿಯ ಹತ್ತಿರ ನಿಂತಿತು.

ಹತ್ತಿರ ಹೋಗಿ ಬಕೆಟ್ಟಿನ ಮೇಲೆ ಬಾಗಿದೆ. ಸಿಹಿಯಾದ, ಹಣೆಗೆ ಏರುವ ವಾಸನೆ. ನಮ್ಮ ಲ್ಯಾಬಿನ ಎರಡನೆಯ ಸಾಲಿನ ಬಾಟಲಿಗಳ ವಾಸನೆ. ಇಷ್ಟು ದಿನ ಅಂಕಿಯಾಗಿದ್ದ ನೀರನ್ನು ನಾನು ಮೊದಲ ಸಲ ಮೂಸಿದ್ದು ಆಗ.

"ಬಿಳೀ ಅಂಗಿಯೋರೇ, ನೀವೇನಾ ತಲೈವರು?" ಎಂದೆ. "ನಾನು ಕಾಲೇಜಿಂದ ಬಂದಿದ್ದೀನಿ. ಈ ನೀರು ಕುಡೀಬಾರದು."

ಮುನಿಸಾಮಿ ಒಳ್ಳೆಯ ಎತ್ತರದ ಆಳು. ನಿಧಾನವಾಗಿ ಜೇಬಿನಿಂದ ಮಡಿಸಿದ ಕಾಗದ ತೆಗೆದ. "ಬನ್ನಿ ಟೀಚರಮ್ಮ. ಇದು ಯಾರ ಸೈನು?"

"ನನ್ನದೇ."

"ವಿಷ ಇಲ್ಲ ಅಂತ ಬರ್ದೋರು ಯಾರು?"

"ನಾನೇ. ತಪ್ಪು ಬರೆದೆ. ಸಿದ್ದಮ್ಮ ನೀರನ್ನ ಕಾಯಿಸಿ ತಂದಿದ್ದಳು. ನಾನು ಕೇಳಬೇಕಾಗಿತ್ತು, ಕೇಳಲಿಲ್ಲ. ಕಾಯಿಸಿದ್ರೆ ವಿಷ ಹಾರಿಹೋಗತ್ತೆ."

ಗುಂಪಿನಲ್ಲಿ ನಗು ಎದ್ದಿತು. "ಓದ್ ವಾರ ಒಂದ್ ಸೈನು, ಈ ವಾರ ಒಂದ್ ಬಾಯಿ," ಎಂದ ಯಾರೋ. ಮುನಿಸಾಮಿ ನಗಲಿಲ್ಲ. "ನಲವತ್ತು ಮನೆ ಎಂಗಸ್ರು ಎರಡು ವಾರದಿಂದ ಒಂದೂವರೆ ಮೈಲಿ ನಡೀತಾವ್ರೆ, ಗೊತ್ತೇನಮ್ಮ ನಿಮ್ಗೆ? ಮೂಗಿಗೆ ವಾಸ್ನೆ ಬಂತು ಅಂದ್ರೆ ಆಗಲ್ಲ. ಡೀಸೆಲ್ ಎಂಜಿನ್ ಮಡಗಿರೋ ಬಾವಿ ಮಲ್ಲಿಗೆ ವಾಸ್ನೆ ಬತ್ತದಾ?"

"ಮೂಗನ್ನ ನಂಬಬೇಡಿ. ಕಣ್ಣಲ್ಲೇ ನೋಡಿ. ಕತ್ತಲೆ ಕೋಣೆ ಒಂದು ಕೊಡಿ, ಅರ್ಧ ಗಂಟೆ. ಆಮೇಲೂ ಕುಡೀಬೋದು ಅನ್ನಿಸಿದ್ರೆ ಸಿದ್ದಮ್ಮನ ಜೊತೆ ನಾನೂ ಒಂದು ಚೆಂಬು ಕುಡೀತೀನಿ."

ಆ ಕೊನೆಯ ಮಾತು ಯೋಚಿಸಿ ಆಡಿದ್ದಲ್ಲ. ಆದರೆ ಕೆಲಸ ಮಾಡಿದ್ದು ಅದೇ.

ಕಿಟಕಿಯಿಲ್ಲದ ಒಂದು ರಾಗಿ ಕೋಣೆ ಸಿಕ್ಕಿತು. ಬಾಗಿಲ ಸಂದಿಗೆ, ಹಂಚಿನ ಸಂದಿಗೆ ಕಂಬಳಿಗಳನ್ನು ಕಟ್ಟಿದರು. ಅಲ್ಲಿನ ಕುರಿಯ ಕರಿ ಕಂಬಳಿ ಒಂದು ಗೀರು ಬೆಳಕನ್ನೂ ಬಿಡುವುದಿಲ್ಲ. ನಮ್ಮ ಕಾಲೇಜಿನ ಕತ್ತಲೆ ಕೋಣೆಯ ಪರದೆ ಅಷ್ಟು ಚೆನ್ನಾಗಿರಲಿಲ್ಲ. ಒಳಗೆ ಹೋಗುವ ಮೊದಲು ಎಲ್ಲರ ಎದುರಿಗೆ ಎರಡು ಲೋಟದಲ್ಲಿ ನೀರು ತೆಗೆದುಕೊಂಡೆ. ಒಂದು ಆಗತಾನೇ ಸೇದಿದ ಬಾವಿ ನೀರು. ಇನ್ನೊಂದು ಮುನಿಸಾಮಿಯ ಮನೆಯ ಕೊಡದ್ದು, ದೂರದ ತೋಟದ ಬಾವಿಯಿಂದ ತಂದದ್ದು. ಎರಡಕ್ಕೂ ಒಂದೊಂದು ಪೊಟ್ಟಣ ಉಪ್ಪು.

"ಉಪ್ಪು ಯಾಕೆ?" ಎಂದ ಮುನಿಸಾಮಿ.

"ಇದು ಕಡಲಿನ ಜೀವ. ಉಪ್ಪಿಲ್ಲದಿದ್ರೆ ಒಳ್ಳೇ ನೀರಲ್ಲೂ ಸಾಯತ್ತೆ."

"ಅಂಗಾದ್ರೆ ಒಂದ್ರಲ್ಲಿ ಕಮ್ಮಿ ಆಕಿ ನೀವೇ ಸಾಯ್ಸಿಬಿಟ್ರೆ?"

"ನೀವೇ ಹಾಕಿ ತಲೈವರೇ."

ಅವನೇ ಹಾಕಿದ. ಪೊಟ್ಟಣದ ಮೂಲೆಯಲ್ಲಿ ಅಂಟಿದ್ದ ಕಾಳನ್ನೂ ಬಡಿದು ಬೀಳಿಸಿದ.

ಆರು ಜನ ಒಳಗೆ ಕೂತೆವು: ನಾನು, ಸಿದ್ದಮ್ಮ, ಮುನಿಸಾಮಿ, ಕೆಂಚಜ್ಜ ಎಂಬ ಹಿರಿಯ, ಅವನ ಪಕ್ಕ ಇನ್ನಿಬ್ಬರು. ಕಂಬಳಿ ಇಳಿಯಿತು. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಕತ್ತಲೆ ಹೊಂದಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಬಾಟಲಿಯನ್ನು ಹೊರತೆಗೆಯಲಿಲ್ಲ. ಒಳಗೆ ಅದು ಬದುಕಿದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ರಾಗಿಯ ಧೂಳು, ಬೆವರು, ಉಣ್ಣೆಯ ವಾಸನೆ.

"ಲೇ ಮುನ್ಸಾಮಿ, ಕಾಲ್ ತುಳೀಬ್ಯಾಡ ಲಾ," ಎಂದ ಕೆಂಚಜ್ಜ. "ಟೀಚರಮ್ಮ, ಸಿನಿಮಾ ಟೆಂಟ್ನಲ್ಲೂ ಇಷ್ಟೊತ್ತಿಗೆ ಪಾಟು ರಿಕಾರ್ಡು ಆಕ್ತಾರೆ."

ಬಾಟಲಿ ತೆಗೆದು ಬಟ್ಟೆ ಬಿಚ್ಚಿ ಕುಲುಕಿದೆ. ಬೆಳಗಿತು. ಜಾವದಲ್ಲಿ ಕಂಡಷ್ಟಲ್ಲ; ಆದರೂ ಬಾಟಲಿಯ ಆಕಾರ, ಅದನ್ನು ಹಿಡಿದ ನನ್ನ ಬೆರಳುಗಳ ಅಂಚು ಎಲ್ಲರಿಗೂ ಕಂಡಿತು. "ಶಿವನೇ!" ಎಂದಳು ಸಿದ್ದಮ್ಮ.

ಎರಡು ನಳಿಕೆಗೆ ಸಮಸಮವಾಗಿ ಹಾಕಿದೆ. ಎಡಗಡೆಯದಕ್ಕೆ ಮುನಿಸಾಮಿಯ ಮನೆ ನೀರು, ಬಲಗಡೆಯದಕ್ಕೆ ಬಾವಿ ನೀರು. ಎರಡನ್ನೂ ಕಟ್ಟಿಗೆಯ ಗೂಡಿನಲ್ಲಿ ನಿಲ್ಲಿಸಿ, "ಈಗ ಮುಟ್ಟಬೇಡಿ, ಹದಿನೈದು ನಿಮಿಷ," ಎಂದೆ. ಗಡಿಯಾರದ ಹೊಳೆಯುವ ಹಸಿರು ಮುಳ್ಳು ನೋಡುತ್ತ ಕೂತೆ.

ಐದನೆಯ ನಿಮಿಷಕ್ಕೆ ಬಲಗಡೆಯದು ಮಂಕಾಯಿತು. ಎಂಟನೆಯ ನಿಮಿಷಕ್ಕೆ ಎಡಗಡೆಯದೂ ಮಂಕಾಗತೊಡಗಿತು. ಹನ್ನೆರಡನೆಯದಕ್ಕೆ ಎರಡೂ ಹೆಚ್ಚು ಕಡಿಮೆ ಒಂದೇ. ಹದಿನೈದಕ್ಕೆ ಎರಡೂ ಕತ್ತಲೆ.

"ಟೀಚರಮ್ಮ," ಎಂದ ಮುನಿಸಾಮಿ. ದನಿಯಲ್ಲಿ ಗೆಲುವಿತ್ತು. "ಅಂಗಾದ್ರೆ ನನ್ ಮನೆ ನೀರೂ ವಿಷವಾ? ಇವತ್ ಬೆಳಗ್ಗೆ ಅದ್ರಲ್ಲೇ ಕಾಪಿ ಕುಡ್ದೆ ನಾನು."

"ನೀ ಸತ್ತು ಬಾಳಾ ಒತ್ತಾಯ್ತು ಬುಡು ಲಾ," ಎಂದ ಕೆಂಚಜ್ಜ. ಎಲ್ಲರೂ ನಕ್ಕರು. ಯಾರೋ ಕಂಬಳಿ ಎತ್ತಲು ಎದ್ದರು.

"ಕೂತ್ಕೊಳ್ಳಿ!" ಎಂದೆ. ಮುಂದೆ ಏನು ಹೇಳುವುದೆಂದು ತಿಳಿಯಲಿಲ್ಲ. ಶಾಖ ಹೆಚ್ಚಾಗಿ ಎರಡೂ ಸತ್ತಿವೆ ಎಂದುಕೊಂಡೆ. ಹೊರಗೆ ಬಾವಿ ತೆರೆದೇ ಇತ್ತು, ಬಕೆಟ್ ತುಂಬಿಯೇ ಇತ್ತು. ಸಿದ್ದಮ್ಮನ ಕೈ ನನ್ನ ಮೊಣಕೈಯನ್ನು ಹುಡುಕಿ ಹಿಡಿಯಿತು. "ಓಗ್ಲಿ ಬುಡಿ ಟೀಚರಮ್ಮ," ಎಂದಳು ಮೆಲ್ಲಗೆ. "ನಾನು ಕುಡೀತೀನಿ. ನೀವು ಕುಡೀಬ್ಯಾಡಿ."

ಅವಳ ಕೈ ನಡುಗುತ್ತಿತ್ತು. ನನ್ನ ತೋಳೂ ಅದರ ಜೊತೆ ಅಲುಗಿತು. ಅಲುಗಾಟ. ಲ್ಯಾಬಿನಲ್ಲಿ ಫ್ಲಾಸ್ಕು ಸದಾ ಯಂತ್ರದ ಮೇಲೆ ಅಲುಗುತ್ತಿರುತ್ತದೆ. ಗುಂಡಿ ಒತ್ತಿದರೆ ಮುಗಿಯಿತು, ಮತ್ತೆ ಅದರ ಕಡೆ ನೋಡುವ ಕೆಲಸವಿಲ್ಲ. ಈ ಜೀವಕ್ಕೆ ಬೆಳಕು ಬಿಡಲು ಗಾಳಿ ಬೇಕು. ನಿಂತ ನೀರಿನಲ್ಲಿ ಗಾಳಿ ಮುಗಿಯುತ್ತದೆ, ಜೀವ ಇದ್ದರೂ ಬೆಳಕು ನಿಲ್ಲುತ್ತದೆ. ಇದನ್ನು ವರ್ಷವರ್ಷ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವಳು ನಾನು.

"ತಲೈವರೇ, ಎರಡೂ ನಳಿಕೆ ನಿಮ್ಮ ಕೈಗೆ ಕೊಡ್ತೀನಿ. ಎಡಗೈಯಲ್ಲಿ ನಿಮ್ಮ ಮನೆ ನೀರು, ಬಲಗೈಯಲ್ಲಿ ಬಾವಿ ನೀರು. ಬಾಯಿಗೆ ಹೆಬ್ಬೆರಳು ಒತ್ತಿ ಜೋರಾಗಿ ಕುಲುಕಿ."

"ಕುಲುಕುದ್ರೆ?"

"ಕುಲುಕಿ."

ಅವನು ಕುಲುಕಿದ. ಎಡಗೈಯಲ್ಲಿ ಬೆಳಕು ಎದ್ದಿತು. ಆರಿದ್ದ ನಳಿಕೆ ತುದಿಯಿಂದ ಬುಡದವರೆಗೆ ನೀಲಿಯಾಗಿ ಹೊತ್ತಿಕೊಂಡು, ಅವನ ಹೆಬ್ಬೆರಳು, ಉಂಗುರ, ಮೀಸೆಯ ಒಂದು ಬದಿ ಕಂಡಿತು. ಬಲಗೈಯಲ್ಲಿ ಏನೂ ಇರಲಿಲ್ಲ. ಮತ್ತೆ ಕುಲುಕಿದ. ಮತ್ತೆ. ಬಲಗೈಯನ್ನು ಮಾತ್ರ ಕಿವಿಯ ಹತ್ತಿರ ತಂದು, ಗಿಲಕಿಯಂತೆ ಬಹಳ ಹೊತ್ತು ಕುಲುಕಿದ. ಕತ್ತಲೆ ಕತ್ತಲೆಯಾಗಿಯೇ ಉಳಿಯಿತು.

ಕೊನೆಗೆ ಮುನಿಸಾಮಿ, "ಇದು ಡೀಸೆಲ್ಲಾಗಿರ್ಬೋದಲ್ವಾ?" ಎಂದ. ಈಗ ಅದು ವಾದವಾಗಿರಲಿಲ್ಲ.

"ಯಾವ ವಿಷ ಅಂತ ಇದು ಹೇಳಲ್ಲ. ಕುಡೀಬೇಡಿ ಅಂತ ಮಾತ್ರ ಹೇಳತ್ತೆ."

ಅವನು ಹೊರಗೆ ಹೋಗಿ, ಬಕೆಟ್ಟಿನ ನೀರನ್ನು ಕಲ್ಲಿನ ಮೇಲೆ ಚೆಲ್ಲಿ, ಮುಳ್ಳನ್ನು ತಾನೇ ಎಳೆದು ಬಾವಿಯ ಮೇಲೆ ಹಾಕಿದ. ಕೈಗೆ ಮುಳ್ಳು ಹೊಕ್ಕು ರಕ್ತ ಬಂತು. ಸಿದ್ದಮ್ಮ ಚೆಂಬನ್ನು ಬೋರಲು ಹಾಕಿದಳು.

ಅದೇ ದಿನ ಬಾವಿಯ ಮೇಲ್ಗಡೆಯ ಹಳೆಯ ಕಲ್ಲು ಕ್ವಾರಿಗೆ ಹೋಗಿ ನೋಡಿದೆವು. ಮಳೆನೀರು ನಿಂತ ಗುಂಡಿಯ ಮೇಲೆ ಬಣ್ಣಬಣ್ಣದ ಪೊರೆ ಇತ್ತು, ಅಂಚಿನಲ್ಲಿ ದೊಡ್ಡ ಚಕ್ರಗಳ ಗುರುತು. ಯಾರೋ ಟ್ಯಾಂಕರ್ ತಂದು ಅಲ್ಲಿ ತೊಳೆದು ಹೋಗುತ್ತಿದ್ದರು. ಯಾರೆಂದು ಕೊನೆಗೂ ತಿಳಿಯಲಿಲ್ಲ. ಬಾಟಲಿಯ ಕತ್ತಿನವರೆಗೆ ತುಂಬಿ, ಗಾಳಿಗೆ ಜಾಗವಿಲ್ಲದಂತೆ ಬಿಗಿದು ದೊಡ್ಡ ಲ್ಯಾಬಿಗೆ ಕಳಿಸಿದ ನೀರಿನಲ್ಲಿ ದ್ರಾವಕ ಇದೆಯೆಂದು ಉತ್ತರ ಬಂದದ್ದು ಬಹಳ ದಿನಗಳ ಮೇಲೆ. ನಾನು ಎರಡನೆಯ ರಿಪೋರ್ಟು ಬರೆದೆ. 'ಮಾದರಿಯ ದೋಷದಿಂದ' ಎಂದು ಪ್ರೊಫೆಸರ್ ತಿದ್ದಿದರು. 'ಮಾದರಿಯನ್ನು ಹೇಗೆ ತೆಗೆದರೆಂದು ವಿಚಾರಿಸದೆ ಪರೀಕ್ಷಿಸಿದ ನನ್ನ ದೋಷದಿಂದ' ಎಂದು ಮತ್ತೆ ಟೈಪ್ ಮಾಡಿ ಕೊಟ್ಟೆ. ಎರಡನೆಯ ಸಲ ಅವರು ತಿದ್ದಲಿಲ್ಲ.

ಬಾವಿ ಆ ಬೇಸಿಗೆಯೆಲ್ಲ ಮುಚ್ಚಿಯೇ ಇತ್ತು. ಕೊಳವೆ ಬಾವಿ ತೋಡಿಸುತ್ತೇವೆಂದ ಕಚೇರಿಯವರು ಮುಂದಿನ ವರ್ಷದವರೆಗೆ ತೋಡಿಸಲಿಲ್ಲ. ಹದಿನೈದು ದಿನಕ್ಕೊಮ್ಮೆ ನಾನೇ ಹೋಗಿ ನೀರು ತೆಗೆದು ಬರುತ್ತಿದ್ದೆ. ಒಂದು ಮಧ್ಯಾಹ್ನ ಬಾಟಲಿಗಳ ಚೀಲ ಹಿಡಿದು ನಡೆಯುತ್ತಿದ್ದಾಗ, ತೋಟದ ಬಾವಿಯ ಕಡೆಯಿಂದ ಏಳೆಂಟು ಹೆಂಗಸರು ಕೊಡ ಹೊತ್ತು ಸಾಲಾಗಿ ಬಂದರು. ಬಿಸಿಲು ನೆಲದಿಂದ ಮುಖಕ್ಕೆ ಬಡಿಯುತ್ತಿತ್ತು.

"ಬಂದ್ರು ನೋಡ್ರೇ ಮಿಣುಕು ಉಳದ ಟೀಚರಮ್ಮ. ಇವತ್ತು ಯಾರ್ ಬಾವಿ ಮುಚ್ಚಾಕೋ."

"ಅವ್ರ ದೀಪ ಆರ್ತು, ನಮ್ ಸೊಂಟ ಮುರೀತು."

"ಅವ್ರ ತಲೆ ಮ್ಯಾಲೊಂದು ಕೊಡ ಮಡಗು, ಬೆಳಗ್ತಾರೋ ನೋಡಾನ."

ಯಾರೂ ನಿಲ್ಲಲಿಲ್ಲ. ಹೇಳುತ್ತಲೇ ದಾಟಿ ಹೋದರು. ಸಾಲಿನ ಕೊನೆಯಲ್ಲಿ ಸಿದ್ದಮ್ಮ. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ. ಸೊಂಟದ್ದು ಕೆಂಚಜ್ಜನ ಮನೆಗೆ.

"ನಿನ್ನನ್ನೂ ಹೀಗೇ ಅಂತಾರಾ ಸಿದ್ದಮ್ಮ?"

"ದಿನಾ. ಇವ್ಳ ಕುರಿ ಸತ್ತದ್ಕೆ ನಾವ್ಯಾಕ್ ನಡೀಬೇಕು ಅಂತಾರೆ."

"ನೀನೇನಂತೀಯ?"

ಅವಳು ಸೊಂಟದ ಕೊಡವನ್ನು ಮೇಲಕ್ಕೆ ಸರಿಸಿಕೊಂಡಳು.

"ಬೈಯಾಕೆ ಎಲ್ರಿಗೂ ಉಸ್ರೈತಲ್ಲ, ಬೈಲಿ ಬುಡಿ. ಸರ್ಕೊಳ್ಳಿ ಟೀಚರಮ್ಮ, ನೀರು ತುಳುಕ್ತದೆ."

ನಾನು ದಾರಿ ಬಿಟ್ಟು ಬೇಲಿಯ ಪಕ್ಕಕ್ಕೆ ಸರಿದು ನಿಂತೆ.